ಕುರಿಯ ಬೆನ್ನ ಮೇಲಿನ ಉಚ್ಚೀರಪ್ಪ

ಆಂಧ್ರದ ಗಡಿಯೊಳಗೆ, ಕೌತಾಳಂ ಕಡೆಯ ಒಂದು ಕನ್ನಡದ ಹಳ್ಳಿಯಲ್ಲಿ ಉಚ್ಚೀರಪ್ಪ ಅನ್ನುವ ಮನುಷ್ಯ ಒಬ್ಬನಿದ್ದಾನೆಂದು ಊರಿಗೆ ಗೊತ್ತಾದದ್ದು ಅವನ ಮೀಸೆ ನರೆತ ಮೇಲೆ. ಅಲ್ಲಿಯವರೆಗೆ ಅವನು ನಾಗಭೂಷಣನ ತಮ್ಮ. ರೇಷನ್ ಅಂಗಡಿಯ ಸಾಲಿನಲ್ಲಿ ನಾಗಭೂಷಣನ ತಮ್ಮ, ಆದೋನಿ ಬಸ್ಸಿನ ಹಿಂದಿನ ಸೀಟಿನಲ್ಲಿ ನಾಗಭೂಷಣನ ತಮ್ಮ. ಅವನ ಮದುವೆಯ ಚಪ್ಪರದಲ್ಲೇ ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಹೋಳಿಗೆ ಮುರಿಯುತ್ತ, "ನಾಗಭೂಷಣನ ತಮ್ಮನ ಮದಿವಿ ಅಂತ" ಎಂದು ಪಕ್ಕದವಳಿಗೆ ತಿಳಿಸಿದ್ದಳು. ಮದುಮಗನಿಗೆ ಅದು ಕೇಳಿಸಿತ್ತು. ಕೇಳಿಸಿದ್ದನ್ನು ನುಂಗಿಕೊಂಡು ಹೆಂಡತಿಯ ಕೈ ಹಿಡಿದಿದ್ದ. ಅವನ ಸ್ವಭಾವವೇ ಹಾಗೆ, ಜಗಳವಿಲ್ಲ, ತಂಟೆಯಿಲ್ಲ, ಬೆಳಗಾದರೆ ಕುರಿ, ಬೈಗಾದರೆ ಕುರಿ.

ಅಣ್ಣ ತಮ್ಮ ಪಾಲಾದಾಗಲೂ ಜಗಳವಾಗಲಿಲ್ಲ. ಮಕ್ಕಳು ದೊಡ್ಡವರಾದರು, ಒಂದು ಒಲೆ ಸಾಲದಾಯಿತು, ಅಷ್ಟೇ. ಹೊಲ ಹಂಚಿಕೊಂಡರು, ಕುರಿ ಹಂಚಿಕೊಂಡರು, ಹಂಡೆ ಕೊಳಗ ಹಂಚಿಕೊಂಡರು. ಆದರೆ ಅಲ್ಲಿನ ಕುರಿಗಾರರ ಮನೆತನಗಳಲ್ಲಿ ಒಂದು ಪದ್ಧತಿ. ಕುರಿಯ ಬೆನ್ನಿಗೆ ಹಾಕುವ ಗುರುತು ಮಾತ್ರ ಪಾಲಾಗುವುದಿಲ್ಲ. ತಾಯಿ ಯಾವ ಮಗನ ಮನೆಯಲ್ಲಿ ಉಣ್ಣುತ್ತಾಳೋ, ಗುರುತು ಆ ಮನೆಯದು. ತಾಯಿ ಹುಸೇನಮ್ಮ ದೊಡ್ಡ ಮಗನ ಪಡಸಾಲೆಯಲ್ಲಿ ಉಳಿದಳು. ಕುರಿಯ ಹಿಂಭಾಗಕ್ಕೆ ಇಡುತ್ತಿದ್ದ, ಅಜ್ಜನ ಕಾಲದ ದುಂಡನೆಯ ನೀಲಿ ಬೊಟ್ಟು ಆಕೆಯ ಜೊತೆಯಲ್ಲೇ ಉಳಿಯಿತು. ಉಚ್ಚೀರಪ್ಪನ ಕುರಿಗಳು ಬೋಳು ಬೆನ್ನು ಹೊತ್ತು ಹೊಸ ಹಟ್ಟಿಗೆ ಬಂದವು.

ಬೋಳು ಬೆನ್ನಿನ ಕುರಿ ಇಟ್ಟುಕೊಂಡು ಬದುಕುವುದು ಆಗದ ಮಾತು. ವರ್ಷವರ್ಷ ಊರಿನ ಹಿಂಡುಗಳೆಲ್ಲ ಒಟ್ಟಾಗಿ ತುಂಗಭದ್ರೆಯ ದಂಡೆಗೆ ಮೇಯಲು ಹೋಗುತ್ತವೆ. ಅಲ್ಲಿ ಎಲ್ಲವೂ ಬೆರೆತು, ಮರಳುವಾಗ ಗುರುತು ನೋಡಿ ಬಿಡಿಸಿಕೊಳ್ಳಬೇಕು. ಗುರುತಿಲ್ಲದ ಕುರಿಯನ್ನು ಹಿಂಡಿನ ಹಿರಿಯರು ಸೇರಿಸುವುದಿಲ್ಲ. ಸರಿ, ಹೊಸದೊಂದು ಗುರುತು ಹಾಕಿದರಾಯಿತು ಎಂದು ಹೊರಟರೆ ಸುತ್ತಮುತ್ತಲಿನ ಹಳ್ಳಿಯವರು ಸೇರಿ ಪ್ರಪಂಚದ ಗುರುತುಗಳನ್ನೆಲ್ಲ ಮುಗಿಸಿಬಿಟ್ಟಿದ್ದರು. ಕೆಂಪು ಗೆರೆ ಒಬ್ಬರದು, ಹಳದಿ ಗೆರೆ ಅವರ ಷಡ್ಡಕನದು. ಅಡ್ಡ ವಿಭೂತಿಯ ಪಟ್ಟೆ ಸ್ವಾಮಿಗಳ ಮನೆಯದು. ಕೋಸಗಿಯವನೊಬ್ಬ ಕುರಿಯ ತಲೆಗೆ ಪೂರ್ತಿ ಹಸಿರು ಬಳಿದಿದ್ದ, ಅದೂ ಹೋಯಿತು.

ಹೆಂಡತಿ ಲಕ್ಷ್ಮಿದೇವಿ, "ನೀಲಿ ಬೊಟ್ಟಿನ ಪಕ್ಕ ಒಂದು ಸಣ್ಣ ಬೊಟ್ಟು ಇಡ್ರಿ. ದೊಡ್ಡದು ಅಣ್ಣ, ಸಣ್ಣದು ತಮ್ಮ" ಎಂದಳು.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಉಚ್ಚೀರಪ್ಪನಿಗೆ ಅಲ್ಲಿಯವರೆಗೆ ನುಂಗಿದ್ದೆಲ್ಲ ಒಮ್ಮೆಲೆ ಗಂಟಲಿಗೆ ಬಂತು. "ಕುರಿ ಮ್ಯಾಲೂ ನಾನು ತಮ್ಮನಾಗೇ ಇರಬೇಕೇನು?" ಎಂದು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡವನೇ ಆದೋನಿ ಬಸ್ಸು ಹತ್ತಿದ. ಕುರಿಯನ್ನು ನೋಡಿದವರು ಇದು ಉಚ್ಚೀರಪ್ಪನದು ಅನ್ನಬೇಕು, ಬೇರೆ ಯಾರ ಹೆಸರೂ ಬಾಯಿಗೆ ಬರಬಾರದು. ಅವನಿಗೆ ಬೇಕಾಗಿದ್ದು ಅಷ್ಟು. ಐವತ್ತು ದಾಟಿದ ಮನುಷ್ಯ ಕೇಳುವುದಕ್ಕೆ ಇದೇನು ಹೆಚ್ಚಲ್ಲ ಎಂದು ನನಗನಿಸುತ್ತದೆ.

ಆದೋನಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಸುಷ್ಮಿತಾ ಎಂಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬಿಕಾಂ ಮುಗಿಸಿ, ಫೋನಿನಲ್ಲೇ ಅದೇನೋ ಬ್ರ್ಯಾಂಡಿಂಗ್ ಕೋರ್ಸು ಮಾಡಿದ್ದ ಜಾಣೆ. ಅವಳ ದುರದೃಷ್ಟಕ್ಕೆ ಬರುವವರೆಲ್ಲ ಹುಟ್ಟುಹಬ್ಬದ ಫ್ಲೆಕ್ಸು, ಇಲ್ಲವೆ ಶ್ರದ್ಧಾಂಜಲಿಯ ಫ್ಲೆಕ್ಸು ಕೇಳುವವರೇ. ಕಲಿತ ವಿದ್ಯೆ ತುಕ್ಕು ಹಿಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಉಚ್ಚೀರಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಯಮ್ಮಾ, ನೋಡಿದ ಕೂಡ್ಲೆ ನಾನೇ ಅಂತ ತಿಳಿಯೋ ಹಂಗ ಒಂದು ಗುರುತು ಮಾಡಿ ಕೊಡು" ಎಂದ.

ಸುಷ್ಮಿತಾ ಕುರ್ಚಿಯಿಂದ ಎದ್ದೇ ನಿಂತಳು. "ಪರ್ಸನಲ್ ಲೋಗೋನಾ ಮಾವಾ? ಕೂಡ್ರಿ, ಕೂಡ್ರಿ" ಎಂದು ಅವನಿಗೆ ಕುರ್ಚಿ ಒರೆಸಿಕೊಟ್ಟಳು. ಟೀ ತರಿಸಿದಳು. ಅಂಗಡಿಯ ಚರಿತ್ರೆಯಲ್ಲಿ ಗಿರಾಕಿಗೆ ಟೀ ಕೊಟ್ಟದ್ದು ಅದೇ ಮೊದಲಿರಬೇಕು, ಮಾಲೀಕ ಕಣ್ಣು ಕೆಕ್ಕರಿಸಿ ನೋಡಿದ.

"ಮೊದಲು ನೀವು ಯಾರು ಅಂತ ನನಗ ತಿಳೀಬೇಕು."

"ಉಚ್ಚೀರಪ್ಪ."

"ಹೆಸರಲ್ಲ ಮಾವಾ. ಒಳಗ. ಒಳಗ ನೀವು ಯಾರು?"

ಉಚ್ಚೀರಪ್ಪ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. "ಒಳಗೂ ನಾನೇ ಅದೀನಿ."

"ಮಂದಿ ನಿಮ್ಮ ಬಗ್ಗೆ ಏನಂತಾರ?"

"ನಾಗಭೂಷಣನ ತಮ್ಮ ಅಂತಾರ."

"ಅಣ್ಣನ್ನ ತಗದುಬಿಡ್ರಿ. ಆಮ್ಯಾಲ ಏನು ಉಳೀತೈತಿ?"

ಈ ಪ್ರಶ್ನೆಯನ್ನು ಕೋರ್ಸಿನಲ್ಲಿ ಕಲಿಸಿದ್ದರೋ, ಹುಡುಗಿಯ ಸ್ವಂತದ್ದೋ ಗೊತ್ತಿಲ್ಲ. ಉಚ್ಚೀರಪ್ಪ ಮಾತ್ರ ಟೀ ಆರಿ ಕೆನೆಗಟ್ಟುವವರೆಗೆ ಗೋಡೆ ನೋಡುತ್ತ ಕೂತ. ಅಣ್ಣನನ್ನು ತೆಗೆದರೆ ಕುರಿ ಉಳಿಯುತ್ತದೆ. ಕುರಿಯನ್ನೂ ತೆಗೆದರೆ ಒಂದು ಬಡಿಗೆ, ಒಂದು ಕಂಬಳಿ. ಅದರಾಚೆ ಏನೂ ಹೊಳೆಯದೆ ಅವನಿಗೆ ನಿಜವಾಗಿ ಭಯವಾಯಿತು.

ಸುಷ್ಮಿತಾ ಅವನ ಮೌನವನ್ನೇ ಉತ್ತರವೆಂದು ತಿಳಿದು ಕೆಲಸಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎರಡು ಬಳ್ಳಿಗಳು ಸುತ್ತಿಕೊಂಡು ಮೇಲೇರಿ, ತುದಿಯಲ್ಲಿ ಸೂರ್ಯನಂಥದ್ದೊಂದು ಎದ್ದಿತು. "ಇದು ಕೊಂಬು, ಇದು ನಿಮ್ಮ ಜೀವನದ ಪಯಣ, ಇದು ಪ್ರಗತಿ" ಎಂದು ಬೆರಳಿಟ್ಟು ತೋರಿಸಿದಳು.

ಉಚ್ಚೀರಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಯಮ್ಮಾ, ನಮ್ಮ ಕುರಿಗಳಿಗೆ ಪ್ರಗತಿ ಬ್ಯಾಡ. ನೀರಿಗೆ ಬಿಟ್ಟಾಗ ಯಾರವು ಅಂತ ತಿಳಿದ್ರ ಸಾಕು."

"ಕುರಿಗಾ?" ಹುಡುಗಿಯ ಮುಖ ಒಂದು ಗಳಿಗೆ ಬಾಡಿತು. ಆದರೆ ನಿಜವಾದ ಕಲಾವಿದೆ, ಕೂಡಲೇ ಚೇತರಿಸಿಕೊಂಡಳು. ಫೋನು ತೆಗೆದು ಅವನ ಫೋಟೋ ಹೊಡೆದಳು. "ಹಂಗಾದ್ರ ನಿಮ್ಮ ಮಾರೀನೇ ಹಾಕಿಬಿಡೋಣ. ನಿಮ್ಮ ಮಾರಿ ಮತ್ತ ಯಾರ ಹತ್ರಾನೂ ಇರಂಗಿಲ್ಲ ಕದಾ?"

ಉಚ್ಚೀರಪ್ಪ ತಲೆಯೆತ್ತಿ ನೋಡಿದ. ಸುತ್ತಲೂ ಗೋಡೆಯ ಮೇಲೆ ಮುಖಗಳು ನೇತಾಡುತ್ತಿದ್ದವು. ಗೆದ್ದವರವು, ಮದುವೆಯಾದವರವು, ಸತ್ತವರವು. ಅವನು ಗೆದ್ದವನಲ್ಲ, ಮದುವೆಯ ದಿನ ಯಾರೂ ಅವನ ಫ್ಲೆಕ್ಸು ಹಾಕಿಸಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದ. ರುಮಾಲು ಒಂದು ಗೀಟು, ಹುಬ್ಬು ಎರಡು, ಮೂಗು ಒಂದು, ಮೀಸೆ ಒಂದು. ಇಷ್ಟರಲ್ಲಿ ಮನುಷ್ಯ ಮುಗಿದಿದ್ದ. ದಪ್ಪ ಫ್ಲೆಕ್ಸ್ ಹಾಳೆಯಲ್ಲಿ ಆ ಗೀಟುಗಳನ್ನು ಕಂಡಿ ಕಂಡಿಯಾಗಿ ಕೊರೆದು, "ಇದನ್ನ ಬೆನ್ನ ಮ್ಯಾಲಿಟ್ಟು ಬಣ್ಣ ಉಜ್ರಿ. ಬಿಳಿ ಕುರಿಗೆ ಕೆಂಪು, ಕರಿ ಕುರಿಗೆ ಬಿಳಿ" ಎಂದು ಹೇಳಿ ಸುತ್ತಿ ಕೊಟ್ಟಳು.

ಮರುದಿನ ಬೆಳಿಗ್ಗೆ ಉಚ್ಚೀರಪ್ಪನ ಹಟ್ಟಿಯಿಂದ ಉಚ್ಚೀರಪ್ಪಂದಿರು ಸಾಲಾಗಿ ಹೊರಬಿದ್ದರು. ಬಾವಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸರು ಕೊಡ ಬಿಟ್ಟು ನೋಡಿದರು. ಒಬ್ಬಳು ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು. ಲಕ್ಷ್ಮಿದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮನಿಯಾಗ ಒಬ್ರನ್ನ ಸಂಭಾಳಿಸಿದ್ದೇ ಸಾಕಾಗಿತ್ತು" ಎಂದಳು. ಆದರೆ ಹಿಂಡಿನ ಹಿರಿಯರು ಬಂದು, ಕುರಿ ನೋಡಿ, ಮನುಷ್ಯನ ಮುಖ ನೋಡಿ, ಮತ್ತೆ ಕುರಿ ನೋಡಿ, ಇಂಥದ್ದು ಯಾರಿಗೂ ಇಲ್ಲ ಎಂದು ಒಪ್ಪಿದರು.

ನದಿಯ ದಂಡೆಯಲ್ಲಿ ಕಳೆದ ಆ ತಿಂಗಳುಗಳು ಉಚ್ಚೀರಪ್ಪನ ಬಾಳಿನ ಸುಖದ ಕಾಲ. ಕಂಡು ಕೇಳರಿಯದ ಊರುಗಳವರು ದೂರದಿಂದಲೇ, "ಏ, ಕುರಿ ಮ್ಯಾಲಿನ ಮನಿಷಿ ಬಂದ!" ಎಂದು ಕೂಗಿ ಕರೆದು ಎಲೆಅಡಿಕೆ ಕೊಡುತ್ತಿದ್ದರು. ಅಣ್ಣನ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ತೊಂದರೆಗಳೂ ಇದ್ದವು, ಇಲ್ಲವೆನ್ನಲಾಗದು. ಕುರಿಯೊಂದು ಯಾರದೋ ಶೇಂಗಾ ಹೊಲಕ್ಕೆ ನುಗ್ಗಿದಾಗ ಆ ರೈತ ಬಂದು ಬೈದದ್ದು ಕುರಿಯನ್ನಲ್ಲ. "ನಿನ್ನನ್ನ ನನ್ನ ಕಣ್ಣಾರ ನೋಡೀನಿ, ಸುಳ್ಳು ಹೇಳ್ತೀಯಾ?" ಎಂದು ಇವನ ಎದೆಗೆ ಬೆರಳಿಟ್ಟಿದ್ದ. ಟಗರೊಂದನ್ನು ಕೊಳ್ಳಲು ಬಂದ ಕಸಾಯಿಯವನು ಕೈಯಲ್ಲಿ ಹಗ್ಗ ಹಿಡಿದುಕೊಂಡು ಅದರ ಬೆನ್ನು ನೋಡಿ, ಎದುರಿಗೆ ನಿಂತ ಉಚ್ಚೀರಪ್ಪನನ್ನು ನೋಡಿ, "ಮಾಫ್ ಕರೋ ಭಾಯ್, ಮನಸ್ಸಾಗಂಗಿಲ್ಲ" ಎಂದು ಹಗ್ಗ ಸುತ್ತಿಕೊಂಡು ಹೊರಟುಹೋದ. ಉಚ್ಚೀರಪ್ಪನಿಗೆ ವ್ಯಾಪಾರ ಕೆಟ್ಟ ಬೇಸರಕ್ಕಿಂತ ಒಳಗೊಳಗೆ ಹಿಗ್ಗೇ ಹೆಚ್ಚಾಯಿತು.

ಉಣ್ಣೆ ಬೆಳೆಯುವ ವಸ್ತು ಎಂಬುದನ್ನು ಮಾತ್ರ ಸುಷ್ಮಿತಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕುರಿಯವನಾಗಿ ಉಚ್ಚೀರಪ್ಪನಾದರೂ ಹಿಡಿಯಬೇಕಿತ್ತು, ಸಂಭ್ರಮದಲ್ಲಿ ಅವನೂ ಮರೆತ. ಉಣ್ಣೆ ಬೆಳೆದಂತೆ ಮುಖಗಳೂ ಬೆಳೆದವು. ಕೆನ್ನೆ ಅಗಲವಾಯಿತು, ಹುಬ್ಬು ದಪ್ಪಗಾಯಿತು, ಮೀಸೆಯ ತುದಿ ಇಳಿದು ಬಾಯಿಯ ಎರಡೂ ಕಡೆ ಜೋತುಬಿತ್ತು. ಹಿಂಡು ಊರಿಗೆ ಮರಳುವ ಹೊತ್ತಿಗೆ ಬೆನ್ನ ಮೇಲಿದ್ದವನು ಉಚ್ಚೀರಪ್ಪನಿಗಿಂತ ದಪ್ಪ, ಉಚ್ಚೀರಪ್ಪನಿಗಿಂತ ಸಿಟ್ಟಿನವನು. ದಿನಾ ಜೊತೆಗಿದ್ದವನಿಗೆ ಅದು ಕಾಣಲಿಲ್ಲ.

ಊರಿನಲ್ಲಿ ಆಗ ಸರ್ಪಂಚ್ ಚುನಾವಣೆ. ನಿಂತವರಲ್ಲೊಬ್ಬ ತಿಪ್ಪೇಶ. ಅವನು ಊರ ತುಂಬ ಹಾಕಿಸಿದ್ದ ಫ್ಲೆಕ್ಸುಗಳನ್ನೆಲ್ಲ ನಿಯಮ ಮೀರಿದ್ದಕ್ಕೆ ಚುನಾವಣೆಯ ಅಧಿಕಾರಿಗಳು ಕಿತ್ತು ಒಯ್ದಿದ್ದರು. ಅವನು ಹೊಟ್ಟೆ ಉರಿದುಕೊಂಡು ಬಾಗಿಲಲ್ಲಿ ನಿಂತಿದ್ದಾಗಲೇ ಉಚ್ಚೀರಪ್ಪನ ಮುಖ ಹೊತ್ತ ಹಿಂಡು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬೀದಿ ತುಂಬಿಕೊಂಡು, ಮನೆಮನೆಯ ಬಾಗಿಲಲ್ಲಿ ನಿಂತು ನಿಂತು ಹೋಗುತ್ತಿತ್ತು. "ನನ್ನ ಮಾರಿ ಗ್ವಾಡಿ ಮ್ಯಾಲಿದ್ರ ತಪ್ಪು, ಇವನ ಮಾರಿ ಊರೆಲ್ಲ ಅಡ್ಡಾಡಬಹುದೇನು?" ಎಂದು ತಿಪ್ಪೇಶ ಫೋನು ಹಚ್ಚಿ ದೂರು ಕೊಟ್ಟ. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ಹೇಗೆ ಹೇಳುವುದು?

ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದ, ಜೊತೆಗೆ ವಿಡಿಯೋ ತೆಗೆಯುವವನೊಬ್ಬ. ಅಧಿಕಾರಿ ಒಂದು ಕುರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, "ಎವರಯ್ಯಾ ಈಯನ?" ಎಂದ.

ಯಾರಿವನು ಎಂದು ಇಡೀ ಊರಿನ ಮುಂದೆ ಒಬ್ಬ ಸರ್ಕಾರಿ ಮನುಷ್ಯ ಕೇಳುತ್ತಿದ್ದಾನೆ. ಉಚ್ಚೀರಪ್ಪ ಎದೆಯುಬ್ಬಿಸಿ, "ನೇನೇ ಸಾರ್" ಎಂದ. ನಾನೇ.

"ಚುನಾವಣೆಗೆ ನಿಂತೀಯಾ?"

"ಇಲ್ರಿ."

"ನಿಲ್ಲೋ ಆಲೋಚನೆ?"

"ಕುರಿ ಯಾರು ಕಾಯ್ತಾರ್ರಿ?"

ಅಧಿಕಾರಿ ಫೋನಿನಲ್ಲಿ ಯಾರಿಗೋ ವಿವರಿಸಿದ. ಆ ಕಡೆಯವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ವಿವರಿಸಿದ. ಕೊನೆಗೆ ಫೋನಿಟ್ಟು, ನಿಲ್ಲದಿದ್ದರೂ ಯಾರ ಪರವಾಗಿ ಮುಖ ತಿರುಗಾಡುತ್ತಿದೆಯೋ ಹೇಳಲು ಬಾರದು, ಪ್ರಾಣಿಗಳ ಮೇಲೆ ಬದುಕಿರುವ ಮನುಷ್ಯನ ಚಿತ್ರ ಹೊರಿಸಿ ಊರಲ್ಲಿ ತಿರುಗಿಸುವಂತಿಲ್ಲ, ಮತದಾನ ಮುಗಿಯುವವರೆಗೆ ಒಂದೋ ಬೋಳಿಸು, ಇಲ್ಲವೆ ಮುಚ್ಚು, ನಾಳೆ ಬಂದು ನೋಡುತ್ತೇನೆ ಎಂದು ಹೇಳಿ ಜೀಪು ಹತ್ತಿದ. ಚಳಿಯಲ್ಲಿ ಬೋಳಿಸಿದರೆ ಕುರಿ ಸಾಯುತ್ತವೆ. ಮುಚ್ಚುವುದೊಂದೇ ದಾರಿ.

ಲಕ್ಷ್ಮಿದೇವಿಯ ಹಳೆಯ ಸೀರೆಗಳು ಹಿಂಡಿನ ಮೂಲೆಗೂ ಸಾಲಲಿಲ್ಲ. ಉಚ್ಚೀರಪ್ಪ ಅಣ್ಣನ ಮನೆಗೆ ಹೋಗಿ ತಾಯಿಯನ್ನು ಕೇಳಿದ. ಹುಸೇನಮ್ಮ ಪೆಟ್ಟಿಗೆಯ ತಳದ ಹಳೆಯ ಸೀರೆಗಳನ್ನು ಗಂಟು ಕಟ್ಟಿಕೊಂಡು, ತಾನೇ ಹರಿದು ಕಟ್ಟಿಕೊಡುತ್ತೇನೆಂದು ಬೆಳಿಗ್ಗೆ ಕೋಲೂರಿಕೊಂಡು ಬಂದಳು. ಮೊಣಕಾಲು ಹಿಡಿದುಕೊಂಡ ಮೇಲೆ ಆಕೆ ದೊಡ್ಡ ಮಗನ ಪಡಸಾಲೆ ಬಿಟ್ಟು ಕದಲಿರಲಿಲ್ಲ, ಹಿರಿಯ ಸೊಸೆ ಹೇಳಿ ನಕ್ಕದ್ದನ್ನು ಕೇಳಿದ್ದಳೇ ಹೊರತು ಕುರಿಗಳನ್ನು ನೋಡಿರಲಿಲ್ಲ. ಜೀಪೂ ಅದೇ ಹೊತ್ತಿಗೆ ಬಂದು ನಿಂತಿತು. ಕಿತ್ತ ಫ್ಲೆಕ್ಸಿನ ಸೇಡು ತೀರುವುದನ್ನು ನೋಡಲು ತಿಪ್ಪೇಶನೂ ಬಂದ. ಅವನ ಹಿಂದೆ ಅರ್ಧ ಊರು.

ಮೊದಲ ಕುರಿಯ ಮೇಲೆ ಬಟ್ಟೆ ಹಾಸಲು ಬಗ್ಗಿದ ಮುದುಕಿ ಹಾಗೇ ನಿಂತುಬಿಟ್ಟಳು. ಆಮೇಲೆ ಸೆರಗನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಳು.

"ಯಾಕವ್ವಾ?" ಎಂದ ಉಚ್ಚೀರಪ್ಪ.

"ಇವರನ್ನ ಎಲ್ಲಿಂದ ಕರಕೊಂಡು ಬಂದ್ಯೋ?"

"ಯಾರನ್ನ?"

"ನಿಮ್ಮಪ್ಪನ್ನ."

ಉಚ್ಚೀರಪ್ಪ ತೊಟ್ಟಿಲಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದ. ಆ ಮನುಷ್ಯನನ್ನು ಯಾರೂ ಒಂದು ಫೋಟೋ ತೆಗೆದಿರಲಿಲ್ಲ. ಮನೆಯಲ್ಲಿ ಪೂಜೆ ಮಾಡುತ್ತಿದ್ದದ್ದು ಅವನ ಬಡಿಗೆಗೆ. ಉಚ್ಚೀರಪ್ಪನಿಗೆ ಅಪ್ಪನ ಮುಖವೆಂದರೆ ಏನೂ ಇರಲಿಲ್ಲ. ಈಗ ತಾಯಿ ಒಂದು ಕುರಿಯಿಂದ ಇನ್ನೊಂದು ಕುರಿಗೆ ಹೋಗಿ, ಎಲ್ಲದರ ಬೆನ್ನ ಮೇಲೂ ಅದೇ ಇಳಿದ ಮೀಸೆ, ಅದೇ ಸಿಟ್ಟಿನ ಹುಬ್ಬು ನೋಡಿ, ಹಿಂಡಿನ ನಡುವೆ ನಿಂತು ಗದರತೊಡಗಿದಳು. ಅಷ್ಟು ಸಣ್ಣ ಮಕ್ಕಳನ್ನು ಬಿಟ್ಟು ಹೋದದ್ದಕ್ಕೆ ಗದರಿದಳು. ಹೇಳದೆ ಹೋದದ್ದಕ್ಕೆ ಗದರಿದಳು. ಕುರಿಗಳು ಮೆಲುಕು ಹಾಕುತ್ತ ಕೇಳಿಸಿಕೊಂಡವು. ವಿಡಿಯೋದವನು ತನ್ನ ಕೆಲಸ ತಾನು ಮಾಡುತ್ತಿದ್ದ.

ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಅಮ್ಮಾ, ಬೇಗ ಮುಚ್ಚಿಬಿಡಿ" ಎಂದ.

"ಒಮ್ಮೆ ಈ ಮಾರಿ ಮ್ಯಾಲ ಬಟ್ಟಿ ಹೊದಿಸೀನ್ರಿ ಸಾಹೇಬ್ರ. ಇನ್ನೊಮ್ಮೆ ಹೊದಿಸಂಗಿಲ್ಲ" ಎಂದು ಹುಸೇನಮ್ಮ ಸೀರೆಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡಳು.

ಅಧಿಕಾರಿ ಕೆಟ್ಟವನಲ್ಲ, ಯಾವುದೋ ಇಲಾಖೆಯಿಂದ ಎಳೆತಂದು ಈ ಕೆಲಸಕ್ಕೆ ಹಚ್ಚಿದ ಸಂಸಾರಸ್ಥ. ಅವನು ಸ್ವಲ್ಪ ಹೊತ್ತು ಆಕಾಶ ನೋಡಿದ. "ಸತ್ತವರ ಚಿತ್ರಕ್ಕೆ ಏನೂ ಅಡ್ಡಿಯಿಲ್ಲ. ಸತ್ತವರು ಚುನಾವಣೆಗೆ ನಿಲ್ಲೋದಿಲ್ಲ. ಆದರೆ ನಿನ್ನೆ ಇವನು ಇದು ನಾನೇ ಅಂದಿದ್ದಾನೆ, ವಿಡಿಯೋದಲ್ಲಿ ಐತಿ. ಈಗ ಇದು ನಾನಲ್ಲ ಅಂತ ಇವನೇ ಹೇಳಬೇಕು. ಯಾರು ಅಂತ ಹೆಸರೂ ಹೇಳಬೇಕು."

ಎಲ್ಲರೂ ಹುಸೇನಮ್ಮನ ಕಡೆ ನೋಡಿದರು. ಆಕೆ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಗಂಡನ ಹೆಸರನ್ನು ಆಕೆ ಬಾಯಲ್ಲಿ ಆಡಿದವಳಲ್ಲ, ಈ ಜೀಪಿಗೆ ಹೆದರಿ ಆಡುವವಳೂ ಅಲ್ಲ. ಉಚ್ಚೀರಪ್ಪನೇ ಹೇಳಬೇಕು.

ಅವನಿಗೆ ಹೇಳಲಾಗಲಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಮಂದಿ ಅವನನ್ನು ಅವನೆಂದು ಕರೆದಿದ್ದರು. ನದಿಯಾಚೆಯ ಊರುಗಳಲ್ಲಿ ಅವನಿಗೊಂದು ಮುಖವಿತ್ತು. ಅದು ನನ್ನದಲ್ಲ ಎಂದು ಇಡೀ ಊರಿನ ಎದುರು, ಕ್ಯಾಮೆರಾದ ಎದುರು ಒಪ್ಪಿಕೊಂಡರೆ ಮತ್ತೆ ನಾಗಭೂಷಣನ ತಮ್ಮನಾಗಿ ಮನೆಗೆ ಹೋಗಬೇಕು. ನಾನೇ ಎಂದರೆ ತಾಯಿಯ ಕಣ್ಣೆದುರೇ ಬಟ್ಟೆ ಹೊದಿಸಬೇಕು. ಅವನು ತನ್ನ ಹತ್ತಿರದ ಕುರಿಯನ್ನು ನೋಡಿದ. ಇಷ್ಟು ತಿಂಗಳು ಅದರ ಹಿಂದೆಯೇ ನಡೆದು, ಆ ಮುಖ ಅಗಲವಾದದ್ದನ್ನು ನೋಡಿಯೂ ಕಂಡಿರಲಿಲ್ಲ. ಓಹೋ, ನೀನು ಹೀಗಿದ್ದೆಯಾ, ಎಂದುಕೊಂಡ. ಅವನಿಗೆ ಅಳು ಬಂತು. ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

"ಇದು ನಾನಲ್ರಿ. ನಮ್ಮಪ್ಪ. ಊರುಕುಂದಪ್ಪ."

ಅಧಿಕಾರಿ ವಿಡಿಯೋದವನಿಗೆ ಕೈಸನ್ನೆ ಮಾಡಿದ. ಜೀಪು ಹೋಯಿತು. ತಿಪ್ಪೇಶ ಆ ಚುನಾವಣೆಯಲ್ಲಿ ಸೋತ. ತನ್ನನ್ನು ಸೋಲಿಸಿದ್ದು ಸತ್ತ ಊರುಕುಂದಪ್ಪನೇ ಹೊರತು ಗೆದ್ದವನಲ್ಲ ಎಂದು ಈಗಲೂ ವಾದಿಸುತ್ತಾನೆ.

ಹುಸೇನಮ್ಮ ಅಂದು ದೊಡ್ಡ ಮಗನ ಮನೆಗೆ ಮರಳಲಿಲ್ಲ. "ಅವರು ಇಲ್ಲಿರೋ ಮುಂದ ನಾನು ಅಲ್ಲಿ ಹೆಂಗ ಇರಲಿ?" ಎಂದು ಸೀರೆಯ ಗಂಟನ್ನು ಕಿರಿಯ ಮಗನ ಗೂಟಕ್ಕೆ ನೇತುಹಾಕಿದಳು. ಲಕ್ಷ್ಮಿದೇವಿ ರೊಟ್ಟಿ ಬಡಿದು ಬಡಿಸಿದಳು, ಮುದುಕಿ ಉಂಡಳು. ಉಂಡ ಮೇಲೆ ಪದ್ಧತಿಯ ಪ್ರಕಾರ ನೀಲಿ ಬೊಟ್ಟೂ ಈ ಮನೆಗೆ ಬಂದಂತಾಯಿತು. ನಾಗಭೂಷಣನ ಕುರಿಗಳಿಗೆ ಗುರುತಿಲ್ಲದಾಯಿತು.

ಉಣ್ಣೆ ಕತ್ತರಿಸುವ ಕಾಲ ಬಂದು ಎಲ್ಲರ ಕುರಿಗಳೂ ಬೋಳಾದ ಮೇಲೆ ನಾಗಭೂಷಣ ಒಂದು ದಿನ ತಮ್ಮನ ಹಟ್ಟಿಗೆ ಬಂದ. ಪಾಲಾದ ಮೇಲೆ ಬಂದದ್ದು ಅದೇ ಮೊದಲು. ಬೇಲಿಯ ಹತ್ತಿರ ನಿಂತು ಚಪ್ಪಲಿಯಿಂದ ಮಣ್ಣು ಕೆದರುತ್ತಿದ್ದ. ಉಚ್ಚೀರಪ್ಪನೇ ಹೋಗಿ, "ಅಣ್ಣಾ, ನೀಲಿ ಬೊಟ್ಟು ನೀನೇ ಇಟಗೊ. ನಾನೇನು ಅನ್ನಂಗಿಲ್ಲ" ಎಂದ.

"ನೀಲಿ ಬ್ಯಾಡ."

"ಮತ್ತ?"

"ಅಪ್ಪನ್ನ ಹಾಕಿ ಕೊಡು."

ಅಣ್ಣ ಹಿಂದೆ ಎಂದಾದರೂ ತನ್ನ ಹತ್ತಿರ ಏನನ್ನಾದರೂ ಕೇಳಿದ್ದು ಉಚ್ಚೀರಪ್ಪನಿಗೆ ನೆನಪಿರಲಿಲ್ಲ.

"ನಿನ್ನವಕ್ಕೂ ಅಪ್ಪ, ನನ್ನವಕ್ಕೂ ಅಪ್ಪ ಅಂದ್ರ ಎರಡೂ ಹಿಂಡು ಬೆರೆತು ಹೋಗ್ತಾವಣ್ಣ. ಯಾವು ಯಾರವು ಅಂತ ಆಮ್ಯಾಲ ಬಿಡಿಸಾಕ ಆಗಂಗಿಲ್ಲ."

"ಬೆರೀಲಿ ಬಿಡು" ಎಂದು ನಾಗಭೂಷಣ ಬೇಲಿ ಸರಿಸಿ ಒಳಗೆ ಬಂದು, ಹತ್ತಿರದಲ್ಲಿದ್ದ ಕುರಿಯ ಕಿವಿ ಹಿಡಿದು ನಿಲ್ಲಿಸಿದ. ಉಚ್ಚೀರಪ್ಪ ಕೊರೆದ ಹಾಳೆ, ಬಣ್ಣದ ಡಬ್ಬಿ ತರಲು ಒಳಗೆ ಹೋದ.